ಮೂರರಲ್ಲಿ ಒಂದರ ಒಡೆಯ

ಕೊಲ್ಹಾಪುರದ ಸಂತಾಪ ಸಭೆಯಲ್ಲಿ ನನ್ನನ್ನೂ ಮಾತಾಡಲು ಕರೆದರು. ಹಾರ ಹಾಕಿದ ಫೋಟೋದಲ್ಲಿ ಅವರು ಕೇಸರಿ ಫೇಟಾ ಸುತ್ತಿಕೊಂಡು, ಎದುರಿಗೆ ಕೂತವರೆಲ್ಲ ಖೋಟಾ ನಾಣ್ಯಗಳೋ ಏನೋ ಎಂಬಂತೆ ನಮ್ಮನ್ನು ನೋಡುತ್ತಿದ್ದರು. ನನಗಿಂತ ಮೊದಲು ಮಾತಾಡಿದವರೆಲ್ಲ ಅವರನ್ನು ಇತಿಹಾಸದ ರಕ್ಷಕ ಎಂದರು. ನಾನು ಮೈಕಿನ ಮುಂದೆ ನಿಂತು, ಇವರನ್ನು ಬಹಳ ವರ್ಷಗಳಿಂದ ಬಲ್ಲೆ ಎಂದೆ. ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೊದಲ ಸಾಲಿನಲ್ಲಿ ಅವರ ಹೆಂಡತಿ ಸೆರಗು ಹೊದ್ದು ಕೂತಿದ್ದರು. ಆಡಲಾಗದೆ ಬಂದು ಕೂತೆ. ದುಃಖಕ್ಕೆ ಗಂಟಲು ಕಟ್ಟಿತೆಂದುಕೊಂಡು ಪಕ್ಕದವರು ನೀರು ಕೊಟ್ಟರು. ಕುಡಿದೆ.

ಅಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲೆಲ್ಲೂ ಕಾಣಬೇಕೆಂಬುದೇ ಅವರ ಜೀವನದ ದೊಡ್ಡ ಆಸೆಯಾಗಿತ್ತು. ಅದನ್ನು ನನ್ನ ಕೈಯಾರೆ ಪೂರೈಸುವ ಮನಸ್ಸು ನನಗಿಲ್ಲ. ನಾಣ್ಯ ಕೂಡಿಸುವ ನಮ್ಮೆಲ್ಲರಿಗೂ ಅವರು ಕಾಕಾ. ಇಲ್ಲಿಯೂ ಅಷ್ಟೇ ಸಾಕು.

ನನ್ನದು ಇಚಲಕರಂಜಿಯಲ್ಲಿ ಅಪ್ಪನ ಕಾಲದ ಮಗ್ಗದ ಶೆಡ್ಡು. ತಾಮ್ರದ ಹಳೆಯ ದುಡ್ಡು ಕೂಡಿಸುವುದು ನನಗೊಂದು ಚಟ, ಮಂದಿ ಎಲೆ ಅಡಿಕೆ ಹಾಕಿಕೊಳ್ಳುವಂತೆ. ಈ ಚಟದವರೆಲ್ಲ ತಿಂಗಳಿಗೊಂದು ರವಿವಾರ ಕೊಲ್ಹಾಪುರದಲ್ಲಿ ಕಾಕಾನ ಮನೆಗೆ ಸೇರುತ್ತಿದ್ದೆವು. ಕೆಳಗೆ ಬೆಲ್ಲದ ಅಡತಿ ಅಂಗಡಿ, ಮೇಲೆ ನಾಣ್ಯಗಳ ಕೋಣೆ. ಅಡತಿಯನ್ನು ಕಟ್ಟಿದವರು ಅವರ ಅಪ್ಪ; ಕಾಕಾ ಅದರ ಮೇಲಿನ ಮಹಡಿಯಲ್ಲಿ ಕೂತರು, ಅಷ್ಟೇ. ಕೆಳಗಿನ ಬೆಲ್ಲದ ವಾಸನೆ ಮೇಲೆ ಬರಬಾರದೆಂದು ಕಿಟಕಿ ಮುಚ್ಚಿಸಿ ಅಗರಬತ್ತಿ ಹಚ್ಚಿಸುತ್ತಿದ್ದರು. ಚಹಾ ಬಂದಾಗ ಮುಂಬಯಿ, ಪುಣೆಯವರಿಗೆ ಬಂಗಾರದ ಅಂಚಿನ ಕಪ್ಪು, ನಮಗೆ ಸ್ಟೀಲಿನ ಲೋಟ. ನಾನು ಲೋಟದವನು.

ಕಾಕಾನ ಮನೆಮಾತೂ ಕನ್ನಡವೇ. ಅಜ್ಜ ಚಿಕ್ಕೋಡಿ ಕಡೆಯಿಂದ ಬಂದವರು. ಆದರೆ ನಮ್ಮೊಡನೆ ಮಾತಾಡುವುದು ಮರಾಠಿಯಲ್ಲಿ, ದೊಡ್ಡವರು ಬಂದರೆ ಇಂಗ್ಲಿಷಿನಲ್ಲಿ. ಕನ್ನಡ ಹೊರಬರುತ್ತಿದ್ದದ್ದು ಹಮಾಲರನ್ನು ಬೈಯುವಾಗ ಮತ್ತು ಯಾರಿಂದಾದರೂ ಏನನ್ನಾದರೂ ಹೊಡೆದುಕೊಳ್ಳಬೇಕಾದಾಗ. ಅವರು ನನ್ನ ಹತ್ತಿರ ಕನ್ನಡ ಶುರುಮಾಡಿದರೆ ನಾನು ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅವರ ಸಂಗ್ರಹದಲ್ಲಿ ನೂರಾರು ನಾಣ್ಯಗಳಿದ್ದರೂ ಅವರು ನಿಜವಾಗಿ ಬಾಳಿದ್ದು ಒಂದೇ ಒಂದರ ಜೊತೆ. ಅದು ಬಹಮನಿ ಕಾಲದ ಬೆಳ್ಳಿಯ ಟಂಕ. ದಪ್ಪಗೆ, ದುಂಡಗೆ, ಎರಡೂ ಬದಿಗೆ ಅರಬ್ಬಿ ಅಕ್ಷರ, ಒಂದು ಬದಿಯಲ್ಲಿ ಅಕ್ಷರಗಳ ಸುತ್ತ ಒಂದು ಚೌಕ. ಕಲಬುರ್ಗಿಯ ಗದ್ದುಗೆಯ ಮೇಲೆ ಕೆಲವೇ ವಾರ ಕೂತ ಒಬ್ಬ ಎಳೆಯ ಸುಲ್ತಾನನ ಹೆಸರು ಅದರ ಮೇಲಿತ್ತು. ಅವನ ಸರದಾರನೇ ಅವನನ್ನು ಊಟಕ್ಕೆ ಕರೆದು ಕಣ್ಣು ಕೀಳಿಸಿದನಂತೆ. ಈ ಕಥೆ ಹೇಳುವಾಗ ಕಾಕಾನ ಮುಖ ಅರಳುತ್ತಿತ್ತು. ಆ ಹುಡುಗ ಇನ್ನೆರಡು ವರ್ಷ ಆಳಿದ್ದರೆ ಟಂಕಸಾಲೆಯಲ್ಲಿ ಗೋಣಿಗಟ್ಟಲೆ ನಾಣ್ಯ ಬೀಳುತ್ತಿದ್ದವು, ಆಮೇಲೆ ನನ್ನ ನಾಣ್ಯವನ್ನು ಯಾರು ಕೇಳುತ್ತಿದ್ದರು, ದೇವರು ಬರೋಬರ್ ವೇಳೆಗೆ ಅವನ ಕಣ್ಣು ಕೀಳಿಸಿದ ಎಂದು ನಗುತ್ತಿದ್ದರು. ಕೊನೆಗೆ ಟಂಕವನ್ನು ಬೆಳಕಿಗೆ ಎತ್ತಿ ಹಿಡಿದು, "ಜಗಾತ್ ತೀನ್. ಫಕ್ತ್ ತೀನ್" ಎನ್ನುತ್ತಿದ್ದರು. ಜಗತ್ತಿನಲ್ಲಿ ಮೂರು, ಬರೀ ಮೂರು. ಒಂದು ಪರದೇಶದ ವಸ್ತುಸಂಗ್ರಹಾಲಯದಲ್ಲಿ, ಇನ್ನೊಂದು ಹೈದರಾಬಾದಿನ ಯಾರದೋ ಕಪಾಟಿನಲ್ಲಿ, ಮೂರನೆಯದು ಇವರ ಬೆರಳುಗಳ ನಡುವೆ. ಅವರು ಓದಿದ ಇತಿಹಾಸವೆಲ್ಲ ಈ ಮೂರಕ್ಕೆ ಬಂದು ನಿಲ್ಲುತ್ತಿತ್ತು.

ನನ್ನ ಶೆಡ್ಡಿನಲ್ಲಿ ಮಲ್ಲಪ್ಪ ಎಂಬ ಮುಧೋಳ ಕಡೆಯ ಕೆಲಸಗಾರನಿದ್ದ. ಅವನ ತಾಯಿ ತೀರಿಕೊಂಡ ಮೇಲೆ ಅವಳ ದೇವರ ಜಗಲಿಯಲ್ಲಿ ಒಂದು ಬೆಳ್ಳಿ ರೂಪಾಯಿ ಸಿಕ್ಕಿತ್ತು. ಕಾಕಾ ಒಮ್ಮೆ ಯಾವುದೋ ಕೆಲಸಕ್ಕೆ ಶೆಡ್ಡಿಗೆ ಬಂದವರು, ಮಗ್ಗದ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮಲ್ಲಪ್ಪ ಅದನ್ನು ತಂದು ತೋರಿಸಿದ. ಅವರು ಕಿವಿಯಿಂದ ಒಂದು ಕೈ ತೆಗೆದು, ನೋಡಿ, ಡುಪ್ಲಿಕೇಟ್ ಎಂದರು. ಖೋಟಾ ಮಾಲು ಹೇಗಿರುತ್ತದೆಂದು ಮಂದಿಗೆ ತೋರಿಸಲು ಬೇಕು ಎಂದು ಕಿಸೆಗೆ ಹಾಕಿಕೊಂಡರು. ಮುಂದೆ ಒಂದು ಪ್ರದರ್ಶನದಲ್ಲಿ ಅದು ಅವರ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿತ್ತು. ಎಲ್ಲರ ಮುಂದೆ ನಾನು ಕೇಳಿದ್ದಕ್ಕೆ, ತಪ್ಪಿ ಬಂದಿದೆ, ವಾಪಸು ಕೊಡುತ್ತೇನೆ ಎಂದರು. ಕೊಟ್ಟರು ಕೂಡ. ಮಲ್ಲಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮವ್ವಂದಲ್ರಿ ಮಾಲಕ. ನಮ್ಮವ್ವಂದಕ್ಕ ಕುಂಕುಮ ಹತ್ತಿತ್ತು" ಎಂದ. ಅದು ಅದೇ ತರದ, ಸವೆದು ಚಪ್ಪಟೆಯಾದ ಬೇರೊಂದು ನಾಣ್ಯವಾಗಿತ್ತು. ನಾನು ಫೋನ್ ಮಾಡಿದರೆ, ತೊಳೆದರೆ ಕುಂಕುಮ ಹೋಗುತ್ತದಪ್ಪಾ ಎಂದು ಕಾಕಾ ಫೋನು ಇಟ್ಟರು.

ಇಂಥವರ ಮನೆಗೆ ಮತ್ತೂ ಯಾಕೆ ಹೋಗುತ್ತಿದ್ದೆ ಎಂದು ಹೆಂಡತಿ ಕೇಳುತ್ತಿದ್ದಳು. ನಾಣ್ಯ ನೋಡುವ ಆಸೆಗೆ, ಮತ್ತೇನು? ಹಳ್ಳಿಯ ಎಲ್ಲ ಕುಡುಕರೂ ಒಂದೇ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನ ಗುಣ ನೋಡಿ ಅಲ್ಲ.

ಈ ಚಟಕ್ಕೆ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಾಣ್ಯಕ್ಕೆ ಬೆಲೆ ಬರುವುದು ಅದರ ಬೆಳ್ಳಿಯಿಂದಲ್ಲ, ವಯಸ್ಸಿನಿಂದಲೂ ಅಲ್ಲ. ಅಂಥದು ಇನ್ನೊಂದು ಇಲ್ಲದಿರುವುದರಿಂದ. ಎಲ್ಲೋ ಒಬ್ಬ ಮನೆಯ ಪಾಯ ತೋಡುತ್ತಾನೆ, ಹಾರೆಗೆ ಮಣ್ಣಿನ ಗಡಿಗೆ ತಾಗುತ್ತದೆ, ನಾಣ್ಯಗಳು ಬೊಗಸೆಗಟ್ಟಲೆ ಹೊರಗೆ ಬೀಳುತ್ತವೆ. ಒಂದಿಷ್ಟು ಸರ್ಕಾರಕ್ಕೆ ಹೋಗುತ್ತವೆ, ಒಂದಿಷ್ಟು ಕದ್ದು ಬಾಜಾರಕ್ಕೆ ಬರುತ್ತವೆ. ನಿನ್ನೆಯವರೆಗೆ ಅಪರೂಪವೆಂದು ಮೆರೆಯುತ್ತಿದ್ದದ್ದು ಇವತ್ತು ತಟ್ಟೆಯಲ್ಲಿ ಕಡಲೆಯ ಹಾಗೆ ಹರವಿಕೊಂಡಿರುತ್ತದೆ. ಪಂಡಿತರಿಗೆ ಅದು ಹಬ್ಬ. ನಾಣ್ಯ ಇಟ್ಟುಕೊಂಡವನಿಗೆ ಮನೆಯಲ್ಲಿ ಸಾವಾದ ಹಾಗೆ. ಮಿರಜಿನ ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರು ಹೆಂಡತಿಗೆ ಹೇಳದೆ ಕೂಡಿಟ್ಟದ್ದರಲ್ಲಿ ಬೇಳೆಯಷ್ಟು ಸಣ್ಣ, ಹಣ ಎಂಬ ಬಂಗಾರದ ನಾಣ್ಯವೊಂದನ್ನು ಕೊಂಡಿದ್ದರು. ಅದೇ ತರದವು ಎಲ್ಲೋ ಒಂದು ಗಡಿಗೆ ತುಂಬ ಸಿಕ್ಕ ಸುದ್ದಿ ಬಂದ ದಿನ ಕಾಕಾ ಅವರಿಗೆ ಪೇಢೆಯ ಡಬ್ಬಿ ಕಳಿಸಿದರು. ನಿಮ್ಮ ನಾಣ್ಯಕ್ಕೆ ತಮ್ಮಂದಿರು ಹುಟ್ಟಿದ್ದಾರೆ, ಬಾಯಿ ಸಿಹಿ ಮಾಡಿಕೊಳ್ಳಿ ಎಂದು ಹೇಳಿಕಳಿಸಿದರು. ಮಾಸ್ತರರು ಮತ್ತೆ ನಮ್ಮ ರವಿವಾರಗಳಿಗೆ ಬರಲಿಲ್ಲ. ಆ ತಿಂಗಳು ಕಾಕಾ ಎಲ್ಲರಿಗೂ ಈ ಕಥೆಯನ್ನು ಹೇಳಿ ಹೇಳಿ ನಗಿಸಿದರು. ಕಪ್ಪಿನವರು ನಕ್ಕರು, ಲೋಟದವರೂ ಕೆಲವರು ನಕ್ಕರು.

ಗಡಹಿಂಗ್ಲಜದ ಹತ್ತಿರ ನೇಸರಿ ಎಂಬ ಊರಲ್ಲಿ ನನ್ನ ದೊಡ್ಡಪ್ಪನ ಮಗಳು ಇದ್ದಾಳೆ. ಪದ್ಮಕ್ಕ. ಗಂಡ ಕಬ್ಬು ಬೆಳೆಯುವವರು, ನಾಲ್ಕಾರು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವವರು. ಅಕ್ಕನ ಗಂಡನನ್ನು ನಮ್ಮ ಕಡೆ ದಾಜಿ ಅನ್ನುತ್ತಾರೆ. ದಾಜಿ ಒಳ್ಳೆಯವರು, ಆದರೆ ಖಾಕಿ ಬಟ್ಟೆ ಕಂಡರೆ, ಅದು ಪೋಸ್ಟಿನವನದಾದರೂ, ಎದ್ದು ನಿಲ್ಲುವ ಪುಕ್ಕಲು. ಮನೆ ನಡೆಯುವುದು ಅಕ್ಕನಿಂದ. ಒಂದು ದಿನ ಅಕ್ಕ ಫೋನ್ ಮಾಡಿ, ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ತೋಡುವಾಗ ಗಡಿಗೆ ಸಿಕ್ಕಿದೆ, ಬಂದು ನೋಡು ಎಂದಳು. ನಾನು ಮರುದಿನವೇ ಎಸ್ಟಿ ಬಸ್ಸು ಹಿಡಿದು ಹೋದೆ.

ಅಡುಗೆಮನೆಯಲ್ಲಿ, ಹಿಟ್ಟು ಕಲಸುವ ದೊಡ್ಡ ಪರಾತದಲ್ಲಿ ಅವು ಬಿದ್ದಿದ್ದವು. ಮಣ್ಣು ಮೆತ್ತಿದ ಬೆಳ್ಳಿಯ ಟಂಕಗಳು. ಪಕ್ಕದಲ್ಲಿ ಬಾಯಿ ಒಡೆದ ಗಡಿಗೆ. ನಾನು ನೆಲದ ಮೇಲೆ ಕೂತು ಒಂದೊಂದನ್ನೇ ಒರೆಸಿದೆ. ಹೆಚ್ಚಿನವು ಎಲ್ಲೆಡೆ ಸಿಗುವಂಥವು. ಆದರೆ ನಡುವೆ ಒಂದರ ಮೇಲೆ ಚೌಕ ಕಂಡಿತು. ಮತ್ತೊಂದರ ಮೇಲೂ ಕಂಡಿತು. ಆರಿಸಿ ಬೇರೆ ಇಡುತ್ತಾ ಹೋದರೆ ಒಂದು ಬೊಗಸೆಯಾಯಿತು. ಕಣ್ಣು ಕಳೆದುಕೊಂಡ ಆ ಹುಡುಗ ಸುಲ್ತಾನನ ಹೆಸರು ಒಂದು ಬೊಗಸೆ ತುಂಬ! ಇಷ್ಟು ವರ್ಷ ಮೂರು ಎನ್ನಿಸಿಕೊಂಡಿದ್ದವನು ಎಮ್ಮೆಯ ಹಿತ್ತಲಲ್ಲಿ ಸುಮ್ಮನೆ ಕೂತಿದ್ದನಲ್ಲ ಎಂದು ಸಂತೋಷವಾಯಿತು. ಅಕ್ಕನಿಗೆ ಚೌಕ ತೋರಿಸಿ ಎಲ್ಲ ಹೇಳಿದೆ. ಗಡಹಿಂಗ್ಲಜದ ತಹಶೀಲ್ದಾರ ಕಚೇರಿಗೆ ತಿಳಿಸಬೇಕು, ನೆಲದಲ್ಲಿ ಸಿಕ್ಕದ್ದಕ್ಕೆ ಅದೇ ಕಾಯ್ದೆ, ಸಿಕ್ಕವರಿಗೂ ಪಾಲೋ ಬಹುಮಾನವೋ ಬರುತ್ತದೆ, ಸೋಮವಾರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅಕ್ಕ ಒಪ್ಪಿದಳು. ದಾಜಿ ಮಾತ್ರ ಬಾಗಿಲ ಕಡೆ ನೋಡುತ್ತಿದ್ದರು.

ನನಗೆ ತಿಳಿಯದ ಸಂಗತಿಯೆಂದರೆ, ಬೆಳ್ಳಿ ಹೌದೋ ಅಲ್ಲವೋ ನೋಡಲು ದಾಜಿ ಮೊದಲೇ ಒಂದನ್ನು ಗಡಹಿಂಗ್ಲಜದ ಸರಾಫನಿಗೆ ತೋರಿಸಿ ಬಂದಿದ್ದರು. ಈ ಭಾಗದ ಪ್ರತಿಯೊಬ್ಬ ಸರಾಫನಿಗೂ ಕಾಕಾ ಹೇಳಿಟ್ಟಿದ್ದರು, ನೆಲದಿಂದ ಏನೇ ಬರಲಿ ಮೊದಲ ಫೋನು ನನಗೆ ಎಂದು. ಫೋನು ಹೋಗಿತ್ತು. ದಾಜಿ ತೋರಿಸಿದ್ದರ ಮೇಲೆ ಚೌಕವಿತ್ತು; ಆ ವಿಷಯವೂ ಹೋಗಿತ್ತು.

ಶನಿವಾರವೇ ಕಾಕಾನ ಕಾರು ನೇಸರಿಗೆ ಬಂತು. ಕೊಲ್ಹಾಪುರ ಬಿಟ್ಟು ಕದಲದ ಮನುಷ್ಯ, ಸಗಣಿ ತುಳಿದುಕೊಂಡು ಹಿತ್ತಲವರೆಗೆ ಹೋದರಂತೆ. ಬಾಯಲ್ಲಿ ಬರೀ ಕನ್ನಡ. ಪದ್ಮಕ್ಕನಿಗೆ ಅಕ್ಕಾರ, ದಾಜಿಗೆ ಅಣ್ಣಾರ. ಸರ್ಕಾರದವರು ಬಂದರೆ ಗುಂಡಿಯ ಸುತ್ತ ಇಡೀ ಹೊಲವನ್ನು ಅಗೆಯುತ್ತಾರೆ, ಕಬ್ಬು ಹಚ್ಚಲು ಬಿಡುವುದಿಲ್ಲ, ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ ಎಂದು ಮೊದಲು ನಿಮ್ಮನ್ನೇ ಒಯ್ದು ಕೂಡಿಸುತ್ತಾರೆ ಎಂದರು. ತಾವೇ ಇವನ್ನು ತಮ್ಮ ಹೆಸರಿನಲ್ಲಿ ವಸ್ತುಸಂಗ್ರಹಾಲಯಕ್ಕೆ ಮುಟ್ಟಿಸುವುದಾಗಿಯೂ, ಬೆಳ್ಳಿಯ ತೂಕದ ಬೆಲೆ ಈಗಲೇ ಕೊಡುವುದಾಗಿಯೂ ಹೇಳಿದರು. ನಮ್ಮ ತಮ್ಮ ಬೇರೆ ಹೇಳಿದ್ದಾನಲ್ಲ ಎಂದು ಅಕ್ಕ ಕೇಳಿದ್ದಕ್ಕೆ, ಅವನು ಬಟ್ಟೆ ಮಾರುವವನು, ಅವನಿಗೆ ಕಾಯ್ದೆ ಏನು ಗೊತ್ತು ಎಂದರಂತೆ. ಅಕ್ಕ ಸೋಮವಾರದವರೆಗೆ ತಡೆಯಿರಿ ಎಂದಳು. ಅವಳು ಒಳಗೆ ಚಹಾಕ್ಕೆ ಇಟ್ಟು ಬರುವಷ್ಟರಲ್ಲಿ ದಾಜಿ ಪರಾತವನ್ನೇ ಕಾರಿನಲ್ಲಿ ಇಟ್ಟಿದ್ದರು. ಒಡೆದ ಗಡಿಗೆ ಬೇಡವೆಂದು ಕಾಕಾ ಅಲ್ಲೇ ಬಿಟ್ಟರು.

ನಾನು ಜಗಳಕ್ಕೆ ಹೋಗುವಷ್ಟರಲ್ಲಿ ಅವರು ನಿಜಕ್ಕೂ ನಾಣ್ಯಗಳನ್ನು ಒಪ್ಪಿಸಿಬಿಟ್ಟರು! ಕೊಲ್ಹಾಪುರದಲ್ಲಿ ದೊಡ್ಡ ಸಮಾರಂಭವಾಯಿತು. ಶಾಲು, ತೆಂಗಿನಕಾಯಿ, ತಲೆಗೆ ಆ ಕೇಸರಿ ಫೇಟಾ. ಒಬ್ಬ ಬಡ ರೈತನ ಮನವೊಲಿಸಿ ನಿಧಿಯನ್ನು ನಾಡಿಗೆ ಉಳಿಸಿದ ಮಹನೀಯರು ಎಂದು ನಿರೂಪಕ ಕೂಗಿದ. ದಾಜಿ ಬಡವರೂ ಅಲ್ಲ, ಅವರನ್ನು ಕರೆದಿರಲೂ ಇಲ್ಲ. ನಾನು ನೂಕುನುಗ್ಗಲಿನಲ್ಲಿ ಮೇಜಿನ ಹತ್ತಿರ ಹೋಗಿ ನಾಣ್ಯಗಳನ್ನು ನೋಡಿದೆ. ಬೇರೆಯವೆಲ್ಲ ಇದ್ದವು. ಚೌಕದವು ಒಂದೂ ಇರಲಿಲ್ಲ.

ಕದ್ದಿಟ್ಟುಕೊಂಡಿದ್ದಾರೆ ಎಂದುಕೊಂಡೆ. ನಾನು ಅವರನ್ನು ಬರೀ ಕಳ್ಳರೆಂದು ತಿಳಿದು ಗೌರವಿಸಿದ್ದೆ. ಮರುದಿನ ಕೋಣೆಗೆ ಹೋಗಿ, ಆ ಬೊಗಸೆ ಎಲ್ಲಿ ಎಂದು ಕೇಳಿದೆ. ಕಾಕಾ ಬಾಗಿಲು ಹಾಕಿ ಬಂದು, ಎದುರಿಗೆ ಕೂತು, ಕನ್ನಡದಲ್ಲಿ ಮಾತಾಡಿದರು.

"ಯಾವ ಬೊಗಸಿ?"

"ಪರಾತದಾಗ ನಾನ ಆರಿಸಿ ಇಟ್ಟಿದ್ದೆ. ಕಣ್ಣಾರೆ ನೋಡೇನಿ."

"ನೀ ನೋಡಿದ್ದಕ್ಕ ಯಾರ ಸಾಕ್ಷಿ? ನಿಮ್ಮ ಅಕ್ಕನ?" ಎಂದರು. ಆಮೇಲೆ, ಹೇಳದೆ ಇರಲಾರದವರ ಹಾಗೆ, ಸ್ವಲ್ಪ ಮುಂದೆ ಬಾಗಿದರು. "ಹುಪರಿಗೆ ಒಯ್ದಿದ್ನಿ. ನಿಂತ ಕರಗಿಸಿದ್ನಿ. ಕಡೀದು ಕರಗೂ ತನಕ ಕುರ್ಚಿ ಮ್ಯಾಲ ಕುಂದ್ರಲಿಲ್ಲ."

ಹುಪರಿ ಎಂದರೆ ಮನೆಮನೆಯಲ್ಲಿ ಬೆಳ್ಳಿಯ ಆಭರಣ ಮಾಡುವ ಊರು. ಅಲ್ಲಿ ಬೆಳ್ಳಿ ತಂದುಕೊಟ್ಟರೆ ಎಲ್ಲಿಂದ ಎಂದು ಯಾರು ಕೇಳುತ್ತಾರೆ?

"ಇಟ್ಟುಕೊಂಡಿದ್ದರ ಆಗತಿರಲಿಲ್ಲೇನ್ರಿ?" ಎಂದೆ. ನನ್ನ ದನಿ ಬೇಡುವವನ ದನಿಯಂತಿತ್ತು.

"ಇದ್ದದ್ದ ಇವತ್ತಿಲ್ಲ ನಾಳೆ ಹೊರಗ ಬರತೈತಿ. ನಾ ಸತ್ತ ಮ್ಯಾಲ ಮಗ ಮಾರತಾನ. ಇದ್ದದ್ದು ಮೂರ, ಈಗೂ ಮೂರ. ನೀನೂ ಈ ಚಟದಾಂವ ಅದಿ, ನಿನಗ ತಿಳಿತೈತಿ."

ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾದೀತು. ಲೆಕ್ಕ ತಿಳಿಯಿತು. ಆರುನೂರು ವರ್ಷ ಮಣ್ಣು ಕಾಪಾಡಿಕೊಂಡು ಬಂದದ್ದನ್ನು, ಆ ಕಾಲವನ್ನೇ ಪ್ರೀತಿಸುತ್ತೇನೆ ಎಂದು ಭಾಷಣ ಮಾಡುವ ಮನುಷ್ಯ ಒಂದು ಮಧ್ಯಾಹ್ನ ಮೂಸೆಗೆ ಹಾಕಿದ್ದ. ಹುಡುಗನ ಕಣ್ಣು ಕಿತ್ತ ಸರದಾರನಿಗಾದರೂ ರಾಜ್ಯದ ಆಸೆಯಿತ್ತು. ಇವರಿಗೆ ಇದ್ದದ್ದು ರವಿವಾರ ನಮ್ಮ ಹತ್ತು ಮಂದಿಯ ಮುಂದೆ ಮೂರು ಎನ್ನುವ ಆಸೆ. ನಾನು ಎದ್ದು ಬಂದೆ. ಆ ಮೇಲೆ ಆ ಮೆಟ್ಟಿಲು ಹತ್ತಲಿಲ್ಲ.

ನೇಸರಿಗೆ ಹೋದರೆ ಅಕ್ಕನ ಸೊಸೆಯ ಕಾಲಲ್ಲಿ ಹೊಸ ಬೆಳ್ಳಿ ಗೆಜ್ಜೆ ಘಲ್ ಘಲ್ ಎನ್ನುತ್ತಿತ್ತು. ಸಮಾರಂಭದ ಮರುದಿನ ಕಾಕಾನ ಡ್ರೈವರ್ ಆಹೇರಿನ ಉಡುಗೊರೆ ಎಂದು ಕೊಟ್ಟುಹೋಗಿದ್ದ. ಹುಪರಿಯ ಗೆಜ್ಜೆ. ಆ ಬೊಗಸೆ ಏನಾಯಿತೆಂದು ಅಕ್ಕ ಕೇಳಿದಳು, ಹೇಳಿದೆ. ಸೊಸೆ ಅಲ್ಲೇ ಕೂತು ಗೆಜ್ಜೆ ಬಿಚ್ಚಿದಳು. ದಾಜಿ ಹಿತ್ತಲಿಗೆ ಹೋದವರು ಊಟಕ್ಕೂ ಒಳಗೆ ಬರಲಿಲ್ಲ.

ಅಕ್ಕ ನನ್ನನ್ನು ಕರೆದುಕೊಂಡು ಕಚೇರಿಗೆ ಹೋದಳು. ಅಲ್ಲಿಯ ಕಾರಕೂನ ಪೇಪರಿನಲ್ಲಿ ಬಂದ ಫೋಟೋ ತೋರಿಸಿ, ನಿಧಿ ಒಪ್ಪಿಸಿ ಆಗಿದೆಯಲ್ಲ, ಇನ್ನೇನು ಎಂದ. ಕರಗಿದ್ದಕ್ಕೆ ನಮ್ಮ ಹತ್ತಿರ ಗೆಜ್ಜೆ ಬಿಟ್ಟು ಸಾಕ್ಷಿ ಇರಲಿಲ್ಲ; ಗೆಜ್ಜೆಯ ಮೇಲೆ ಯಾವ ಸುಲ್ತಾನನ ಹೆಸರೂ ಇರಲಿಲ್ಲ. ವಾಪಸು ಬರುವಾಗ ಎಸ್ಟಿಯಲ್ಲಿ ಅಕ್ಕ ಆ ಮೂರರ ಲೆಕ್ಕವನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

"ಇನ್ನೊಂದ ಎಲ್ಯಾರ ಇದ್ರ?"

"ನಾಕ ಆಗ್ತಾವ. ಅವರ ಬಾಯಿ ಬಂದ್."

ಮನೆಗೆ ಬಂದ ಮೇಲೆ ನನ್ನ ಫೋನು ಇಸಿದುಕೊಂಡು ಕಾಕಾನ ನಂಬರ್ ಹಚ್ಚಿಸಿದಳು. ಗೆಜ್ಜೆ ಚೆಂದ ಇದ್ದಾವೆಂದು ಮೊದಲು ಹೇಳಿದಳು. ಆಮೇಲೆ, "ಒಡದ ಗಡಗಿ ತೊಳಿಯಾಕ ಹೋದ್ರ ತಳದಾಗ ಒಂದ ಹತ್ತಿಕೊಂಡಿತ್ರಿ. ಮ್ಯಾಲ ಚೌಕ ಐತಿ. ನಮ್ಮನ್ಯಾಗ ಇರಲಿ ಅಂತ ಇಟ್ಟೇನಿ" ಎಂದಳು. ತೋರಿಸು ಎಂದು ನಾನು ಕೇಳಿದರೆ, ನೀನು ಅದನ್ನು ಮುಖದ ಮೇಲೆ ಬರೆದುಕೊಂಡು ತಿರುಗುತ್ತೀ, ನಿನಗೂ ತೋರಿಸುವುದಿಲ್ಲ ಎಂದಳು.

ಅವತ್ತಿನಿಂದ ಕಾಕಾ ನೇಸರಿಯ ದಾರಿ ಹಿಡಿದರು. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು, ಧೂಳು ತಿಂದು, ಬಾಳೆಹಣ್ಣು ಹಿಡಿದು ಬರುವುದು. ಹೊರಗಿನ ಕಟ್ಟೆಯ ಮೇಲೆ ಕೂರುವುದು. ಅಕ್ಕ ಒಳಗೆ ಕರೆಯಲಿಲ್ಲ, ಚಹಾ ತಪ್ಪಿಸಲಿಲ್ಲ. ಮೊದಲ ಸಲ ಬಂದಾಗಲೇ ಗೆಜ್ಜೆಗಳನ್ನು ಅವರ ಮುಂದೆ ಇಟ್ಟು, "ಇವನ್ನ ಮೊದಲಿನಂಗ ಮಾಡಿಸ್ಕೊಂಡ ಬರ್ರಿ. ಆಮ್ಯಾಲ ನಮ್ಮದೂ ಕೊಡತೇವಿ" ಎಂದಿದ್ದಳು. ಅವರು ಹೆಚ್ಚಿನ ಬೆಲೆ ಕೊಡುತ್ತೇನೆಂದರು, ಮೊಮ್ಮಗನಿಗೆ ಕೊಲ್ಹಾಪುರದ ಶಾಲೆಯಲ್ಲಿ ಸೀಟು ಎಂದರು, ಒಮ್ಮೆ ಎಮ್ಮೆಯ ಯೋಗಕ್ಷೇಮ ಕೂಡ ವಿಚಾರಿಸಿದರಂತೆ. ಅಕ್ಕ ಗೆಜ್ಜೆಯ ಕಡೆ ಕೈ ತೋರಿಸುತ್ತಿದ್ದಳು. ಅವು ಆ ಕಟ್ಟೆಯ ಗೂಡಿನಲ್ಲೇ ಇರುತ್ತಿದ್ದವು.

ಕೊಲ್ಹಾಪುರದ ಸುದ್ದಿ ನನಗೆ ಬೇರೆಯವರಿಂದ ಬರುತ್ತಿತ್ತು. ಕಾಕಾ ಈಗ ಟಂಕ ಹೊರಗೆ ತೆಗೆಯುವುದಿಲ್ಲ. ಯಾರಾದರೂ ಕೇಳಿದರೆ ಸಿಡುಕುತ್ತಾರೆ. ಮುಂಬಯಿಯಿಂದ ಒಬ್ಬರು ಕೊಳ್ಳಲೆಂದೇ ಬಂದು, ಖರೇ ಮೂರೇ ಇದ್ದಾವೇನು, ಬರೆದು ಕೊಡುತ್ತೀರಾ ಎಂದದ್ದಕ್ಕೆ ಕಾಕಾ ಎದ್ದು ಹೋದರಂತೆ. ಬರೆದು ಕೊಟ್ಟ ಮರುದಿನ ನೇಸರಿಯದು ಹೊರಗೆ ಬಂದರೆ? ಮಾರಲಾರರು, ಮೆರೆಯಲಾರರು. ನಾನು ಈ ಸುದ್ದಿಗಳನ್ನು ಮಲ್ಲಪ್ಪನಿಗೆ ಹೇಳುತ್ತಿದ್ದೆ. ಅವನು ಮಗ್ಗ ನಿಲ್ಲಿಸಿ ಪೂರ್ತಿ ಕೇಳುತ್ತಿದ್ದ.

ಹೀಗೆ ವರ್ಷಗಳು ಹೋದವು. ಹೋದ ಚಳಿಗಾಲದಲ್ಲಿ ಕಾಕಾನ ಮಗ ಫೋನ್ ಮಾಡಿದ. ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಡಾಕ್ಟರು ಕೈ ಬಿಟ್ಟಿದ್ದಾರೆ, ನೇಸರಿಯ ಅಕ್ಕನವರನ್ನು ಒಮ್ಮೆ ಕರೆಸಿ ಎನ್ನುತ್ತಿದ್ದಾರೆ ಎಂದ. ಹೋಗಬೇಕಾಗಿಲ್ಲ ಎಂದು ನಾನು ಅಕ್ಕನಿಗೆ ಹೇಳಿದೆ. ಅವಳು ಎಸ್ಟಿ ಹತ್ತಿ ಬಂದಳು. ಸ್ಟ್ಯಾಂಡಿನಿಂದ ನಾನೇ ಕರೆದುಕೊಂಡು ಹೋದೆ.

ಹಾಸಿಗೆಯಲ್ಲಿ ಕಾಕಾ ಅರ್ಧವಾಗಿದ್ದರು. ಮೂಗಿಗೆ ನಳಿಕೆ. ನನ್ನನ್ನು ನೋಡಿಯೂ ನೋಡಲಿಲ್ಲ. ಅಕ್ಕನ ಕಡೆ ತಿರುಗಿ, "ಐತೇನ್ರಿ ಅಕ್ಕಾರ, ಇನ್ನೂ?" ಎಂದರು.

ಅಕ್ಕ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು.

"ಇಲ್ರಿ. ಎಂದೂ ಇದ್ದಿದ್ದಿಲ್ಲ. ಗಡಗಿ ತಳದಾಗ ಮಣ್ಣ ಬಿಟ್ರ ಏನೂ ಇದ್ದಿದ್ದಿಲ್ಲ. ನಿಮಗ ಸಂಕಟ ಆಗಲಿ ಅಂತ ಸುಳ್ಳ ಹೇಳಿದ್ನಿ. ಈಗ ಸಾಕ್ರಿ. ಮೂರ ಅದಾವ. ಆರಾಮ ಮಲಗ್ರಿ."

ಇಷ್ಟು ವರ್ಷ ನಾನೂ ಆ ನಾಲ್ಕನೆಯದನ್ನು ನಂಬಿದ್ದೆ. ಇವಳ ಹಿಟ್ಟಿನ ಡಬ್ಬಿಯಲ್ಲೋ ದೇವರ ಹಿಂದೆಯೋ ಅದು ಇದೆ ಎಂದು ನೆನೆಸಿಕೊಂಡು ಸಂತೋಷಪಟ್ಟಿದ್ದೆ. ಆ ಬೊಗಸೆಯಲ್ಲಿ ಒಂದೂ ಉಳಿದಿರಲಿಲ್ಲ.

ಕಾಕಾ ಅವಳನ್ನೇ ನೋಡುತ್ತಾ ಮಲಗಿದ್ದರು. ಸಮಾಧಾನವಾಗಿರಬೇಕು ಎಂದುಕೊಂಡೆ. ಆದರೆ ಮೆಲ್ಲಗೆ ಅವರ ತುಟಿಯ ಒಂದು ತುದಿ ಮೇಲೇರಿತು. ಎದುರಿನವನು ಮೋಸ ಮಾಡುತ್ತಿದ್ದಾನೆಂದು ಗೊತ್ತಾದ ವ್ಯಾಪಾರಿಯ ನಗೆ.

"ಯಾರಿಗಿ ಕೊಟ್ರಿ?" ಎಂದರು. "ಪುಣೇದವ್ರ ಬಂದಿದ್ರೇನು?"

"ಯಾರಿಗೂ ಇಲ್ರಿ. ಖರೇ ಹೇಳಾಕತ್ತೇನಿ."

"ನನ್ನ ಮುಂದ ಸುಳ್ಳ ಹೇಳಬ್ಯಾಡ್ರಿ." ಉಸಿರು ಸಾಲದಿದ್ದರೂ ಪಕ್ಕದಲ್ಲಿದ್ದ ಮಗನ ಕೈ ಹುಡುಕಿ ಹಿಡಿದರು. "ಇವರನ್ನ ಬಿಡಬ್ಯಾಡ. ಇವರ ಹತ್ರ ಐತಿ."

ಅಕ್ಕ ಇನ್ನೊಮ್ಮೆ ಇಲ್ಲ ಎಂದಳು. ಅವರು ಕಣ್ಣು ಮುಚ್ಚಿಕೊಂಡು ಕೈ ಅಲ್ಲಾಡಿಸಿದರು, ಸಾಕು, ನಿನ್ನ ಆಟ ನನಗೆ ಗೊತ್ತು ಎಂಬಂತೆ. ಹೊರಗೆ ಬಂದ ಮೇಲೆ, ಪಾಪ, ಮುದುಕ ನಂಬಲಿಲ್ಲ ನೋಡು ಎಂದು ಅಕ್ಕ ಕಣ್ಣೊರೆಸಿಕೊಂಡಳು. ನನಗೆ ಕಣ್ಣು ಒದ್ದೆಯಾಗಲಿಲ್ಲ. ಜೀವನದಲ್ಲಿ ಒಮ್ಮೆ ಅವರಿಗೆ ಪುಕ್ಕಟೆ ನಿಜ ಸಿಕ್ಕಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ ಖೋಟಾ ಎಂದರು. ನಾಲ್ಕು ದಿನಕ್ಕೆ ತೀರಿಕೊಂಡರು.

ಸಂತಾಪ ಸಭೆಯಲ್ಲಿ ಮಗ ನನ್ನನ್ನು ಒಂದು ಕಡೆ ಕರೆದು, ನೇಸರಿಯ ಮನೆಗೆ ದಾರಿ ಕೇಳಿದ. ಏನೂ ಇಲ್ಲಪ್ಪಾ, ನಿನ್ನೆದುರಿಗೇ ಹೇಳಿದಳಲ್ಲ ಎಂದೆ. ಹೌದ್ರಿ ಹೌದ್ರಿ ಎಂದು ತಲೆ ಅಲ್ಲಾಡಿಸಿದ. ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಅವನು ಬಂದು, ಕಟ್ಟೆಯ ಮೇಲೆ ಕೂತು, ಅಪ್ಪನಿಗಿಂತ ಹೆಚ್ಚಿನ ಬೆಲೆ ಕೊಡುತ್ತೇನೆಂದು ಹೇಳಿ ಹೋದನಂತೆ. ನೀನೇನು ಹೇಳಿದೆ ಎಂದು ಕೇಳಿದೆ.

"ಖರೇನ ಹೇಳಿದ್ನಿ. ನಕ್ಕ. ಮುಂದಿನ ತಿಂಗಳ ಮತ್ತ ಬರತಾನಂತ."

"ಬಂದ್ರ ಏನ ಮಾಡ್ತಿ?"

"ಏನ ಮಾಡ್ಲೋ? ಚಹಾ ಕೊಡತೇನಿ" ಎಂದಳು ಅಕ್ಕ.